ರಾಯರು ಯಾರನ್ನು ಕರೆಯುತ್ತಿದ್ದರು

ನನಗೆ ಫಾರಂಗಳೆಂದರೆ ಮೊದಲಿನಿಂದಲೂ ಪ್ರೀತಿ. ಚೌಕದೊಳಗೆ ಟಿಕ್ ಹಾಕಿದಾಗ ಸಿಗುವ ನೆಮ್ಮದಿ ನನಗೆ ದೇವಸ್ಥಾನದಲ್ಲೂ ಸಿಕ್ಕಿದ್ದು ಕಡಿಮೆ. ಆದ್ದರಿಂದ ನನ್ನ ಕೆಲಸದ ಬದುಕಿನ ಅತಿ ದೊಡ್ಡ ತಪ್ಪನ್ನೂ ನಾನು ಅಚ್ಚುಕಟ್ಟಾಗಿ ಫಾರಂ ತುಂಬಿ, ಸಹಿ ಹಾಕಿ, ಮೂರು ಪ್ರತಿ ತೆಗೆದೇ ಮಾಡಿದೆ.

ಅವು ತೊಂಬತ್ತರ ದಶಕದ ಕೊನೆಯ ವರ್ಷಗಳು. ಪಶ್ಚಿಮ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಒಂದು ಬೆಳಿಗ್ಗೆ ಸೊಂಟದಲ್ಲಿದ್ದ ಬ್ಲೀಪ್, ಅಂದರೆ ಆಸ್ಪತ್ರೆಯ ಪೇಜರ್, ಕೂಗಿತು. ಸ್ಟ್ರೋಕ್ ವಾರ್ಡಿನ ಸಿಸ್ಟರ್ ಕರೆಯುತ್ತಿದ್ದರು. "ಒಬ್ಬ ಪೇಷಂಟ್ ಬಂದಿದ್ದಾರೆ, ಫೈಲಿನಲ್ಲಿ ಭಾಷೆ ಕನ್ನಡ ಅಂತ ಬರೆದಿದೆ. ನಿನಗೇನಾದರೂ ಬರುತ್ತದಾ?" ಎಂಟು ವರ್ಷದಲ್ಲಿ ಆ ಕಟ್ಟಡದೊಳಗೆ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಲಿಫ್ಟಿಗೆ ಕಾಯದೆ ಮೆಟ್ಟಿಲು ಎರಡೆರಡು ಹಾರಿ ಹೋದೆ.

ಅವರನ್ನು ಇಲ್ಲಿ ರಾಯರು ಎನ್ನುತ್ತೇನೆ. ಧಾರವಾಡದ ಕಡೆಯವರು. ಗ್ರೀನ್‌ಫರ್ಡಿನ ಗೋದಾಮೊಂದರಲ್ಲಿ ಸೂಪರ್‌ವೈಸರ್ ಆಗಿ, ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಗದರಿ, ನಿವೃತ್ತರಾಗಿದ್ದರು. ಮೆದುಳಿನ ಎಡಭಾಗಕ್ಕೆ ಸ್ಟ್ರೋಕ್ ಹೊಡೆದು ಬಲಗೈ ಬಲಗಾಲು ಸೋತಿದ್ದವು. ಇಂಗ್ಲಿಷ್ ಪೂರ್ತಿ ಹೋಗಿತ್ತು. ಕನ್ನಡ ಮಾತ್ರ ಒಂದೊಂದೇ ಪದವಾಗಿ, ಅದೂ ಮನಸ್ಸಾದಾಗ, ಹೊರಗೆ ಬರುತ್ತಿತ್ತು. ಇಂಥವರಿಗೆ ಬುದ್ಧಿ ಹೋಗಿರುವುದಿಲ್ಲ, ಹೇಳಬೇಕಾದದ್ದು ಒಳಗೇ ಇರುತ್ತದೆ. ಬಾಯಿಗೆ ಬರುವ ದಾರಿ ಕಟ್ಟಿಹೋಗಿರುತ್ತದೆ. ಆ ದಾರಿ ಎಲ್ಲೆಲ್ಲಿ ಕಟ್ಟಿದೆ ಎಂದು ಪತ್ತೆ ಮಾಡುವುದು ನನ್ನ ಕೆಲಸ.

ಮಧ್ಯಾಹ್ನ ಭೇಟಿಯ ಸಮಯಕ್ಕೆ ಅವರ ಹೆಂಡತಿ ಬಂದರು. ಇಳಕಲ್ ಸೀರೆ, ಮೇಲೊಂದು ದಪ್ಪ ಕಾರ್ಡಿಗನ್, ಕಾಲಿಗೆ ಬೂಟು. ನಾನು ಕನ್ನಡದಲ್ಲಿ ನಮಸ್ಕಾರ ಎಂದದ್ದೇ ತಡ, ಕೈಚೀಲ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು.

"ಯಾವೂರವ್ವಾ ನಿಂದು?"

"ಮೈಸೂರು."

"ಮೈಸೂರೇನು? ಇರ್ಲಿ ಬಿಡು. ಕನ್ನಡ ಬರ್ತದಲ್ಲ, ಸಾಕು. ಏನ್ರೀ, ನೋಡ್ರಿ, ನಮ್ಮ ಹುಡುಗಿ ಬಂದಾಳ."

ರಾಯರು ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಮೈಸೂರಿನವಳೆಂದೋ, ಪರೀಕ್ಷೆಯ ಪೆಟ್ಟಿಗೆ ಹಿಡಿದು ಬಂದವಳೆಂದೋ ಗೊತ್ತಿಲ್ಲ. ಹೆಂಡತಿಯನ್ನು ನಾನು ಆ ದಿನದಿಂದಲೇ, ಅವರ ಕಡೆ ಚಿಕ್ಕಮ್ಮನನ್ನು ಕರೆಯುವಂತೆ, ಕಾಕು ಎಂದೆ.

ನನ್ನ ಪೆಟ್ಟಿಗೆಯಲ್ಲಿದ್ದ ಚಿತ್ರಗಳು ಇಲ್ಲಿನವರಿಗಾಗಿ ಮಾಡಿದ್ದವು. ಹಿಮದ ಮೇಲೆ ಎಳೆಯುವ ಬಂಡಿ, ಬ್ಯಾಗ್‌ಪೈಪು, ಹೆಜ್‌ಹಾಗ್ ಎಂಬ ಇಲ್ಲಿನ ಪುಟ್ಟ ಮುಳ್ಳುಪ್ರಾಣಿ. ಧಾರವಾಡದ ಮನುಷ್ಯನಿಗೆ ಹೆಜ್‌ಹಾಗ್ ತೋರಿಸಿ ಅಂಕ ಕಳೆಯುವುದು ಅನ್ಯಾಯವೆಂದು ನಾನೇ ಹೊಸ ಕಾರ್ಡು ಮಾಡಲು ಹೊರಟೆ. ಕ್ಯಾಮೆರಾ ತೆಗೆದುಕೊಂಡು ಶನಿವಾರ ಕ್ವೀನ್ಸ್‌ಬರಿಯ ಭಾರತೀಯ ಅಂಗಡಿಗಳನ್ನು ಸುತ್ತಿದೆ. ಲಟ್ಟಣಿಗೆ, ಸೌಟು, ತಂಬಿಗೆ, ನುಗ್ಗೆಕಾಯಿ. ಒಬ್ಬ ಅಂಗಡಿಯವನು ನನ್ನನ್ನು ಕೌನ್ಸಿಲ್‌ನಿಂದ ತಪಾಸಣೆಗೆ ಬಂದವಳೆಂದು ತಿಳಿದು, ನಾನು ಫೋಟೋ ಹೊಡೆಯುವ ಮೊದಲು ನುಗ್ಗೆಕಾಯಿಗೆಲ್ಲ ನೀರು ಚಿಮುಕಿಸಿ ಹೊಳಪು ತಂದುಕೊಟ್ಟ. ಕೊನೆಗೆ ಕಾಕು ಅವರಿಂದ ಮನೆಯವರ ಫೋಟೋ ಮೂರು ಇಸಿದುಕೊಂಡೆ. ಒಂದು ಅವರದೇ. ಒಂದು ಮಗಳು ವಿದ್ಯಾಳದು; ಆಕೆ ಸ್ಕಾಟ್ಲೆಂಡಿನಲ್ಲಿ ಟೀಚರ್, ಶನಿವಾರ ಭಾನುವಾರ ಬಂದು ಅಪ್ಪನನ್ನು ನೋಡಿ ಹೋಗುತ್ತಿದ್ದಳು. ಇನ್ನೊಂದು ವಿದ್ಯಾಳ ನಾಲ್ಕು ವರ್ಷದ ಮಗನದು.

ಪರೀಕ್ಷೆಯ ಕ್ರಮ ಸರಳ. ಕಾರ್ಡು ತೋರಿಸುವುದು, ಹತ್ತು ಎಣಿಸುವವರೆಗೆ ಸುಮ್ಮನಿರುವುದು. ತಾವಾಗಿ ಹೇಳಿದರೆ ಎರಡು ಅಂಕ. ಮೊದಲ ಅಕ್ಷರ ನಾನು ಹೇಳಿಕೊಟ್ಟ ಮೇಲೆ ಹೇಳಿದರೆ ಒಂದು. ಇಲ್ಲವಾದರೆ ಸೊನ್ನೆ. ಎಲ್ಲವೂ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಆಗಬೇಕು. ಮೊದಲ ದಿನ ಕಾಕು ಪಕ್ಕದಲ್ಲೇ ಕುಳಿತಿದ್ದರು. ಚಮಚದ ಕಾರ್ಡು ಎತ್ತಿದೆ. ನಾನು ಮೂರು ಎಣಿಸುವಷ್ಟರಲ್ಲಿ ಕಾಕು, "ಚಮಚಾ ಅನ್ರಿ, ಚಮಚಾ! ದಿನಾ ಬಾಯಾಗ ಇಟ್ಕೋತೀರಿ, ಗೊತ್ತಿಲ್ಲೇನು?" ಎಂದುಬಿಟ್ಟರು. ಎರಡನೆಯ ಕಾರ್ಡಿಗೂ ಅದೇ ಕಥೆ. ನಿಯಮದ ಪ್ರಕಾರ ಅವರನ್ನು ಹೊರಗೆ ಕಳಿಸಲೇಬೇಕಾಯಿತು. ಅಂದಿನಿಂದ ಪರೀಕ್ಷೆಗಳೆಲ್ಲ ಬೆಳಿಗ್ಗೆಯೇ, ಅವರು ಬರುವ ಮೊದಲೇ ನಡೆದವು.

ಎರಡು ವಾರದಲ್ಲಿ ಲಟ್ಟಣಿಗೆ ಬಂತು, ತಂಬಿಗೆ ಬಂತು, ನುಗ್ಗೆಕಾಯಿ ಮಾತ್ರ ಹೊರಗೇ ನಿಂತಿತು. ಆದರೆ ಮನೆಯವರ ಫೋಟೋಗಳ ಹತ್ತಿರ ಬಂದಾಗಲೆಲ್ಲ ಎಲ್ಲ ತಲೆಕೆಳಗಾಗುತ್ತಿತ್ತು. ಹೆಂಡತಿಯ ಫೋಟೋ ತೋರಿಸಿದರೆ ರಾಯರು ಸ್ಪಷ್ಟವಾಗಿ "ವಿದ್ಯಾ" ಎನ್ನುತ್ತಿದ್ದರು. ವಿದ್ಯಾಳ ಫೋಟೋ ತೋರಿಸಿದರೆ "ಅವ್ವಾ" ಎನ್ನುತ್ತಿದ್ದರು. ಮೊಮ್ಮಗನ ಫೋಟೋಗೆ "ಅಪ್ಪಾ". ಹೆಂಡತಿಯನ್ನು ಮಗಳೆನ್ನುತ್ತಾರೆ, ಮಗಳನ್ನು ತಾಯಿ ಎನ್ನುತ್ತಾರೆ, ಹಾಲುಹಲ್ಲಿನ ಹುಡುಗನನ್ನು ತಂದೆ ಎನ್ನುತ್ತಾರೆ. ಒಂದು ದಿನವಲ್ಲ, ಐದು ಸಲವೂ ಹಾಗೆಯೇ. ಇಡೀ ವಂಶಾವಳಿಯೇ ಒಂದೊಂದು ಮೆಟ್ಟಿಲು ಜಾರಿದೆ ಎಂದುಕೊಂಡೆ. ಸೊನ್ನೆ, ಸೊನ್ನೆ, ಸೊನ್ನೆ.

ವಾರ್ಡಿನ ನರ್ಸುಗಳ ಟಿಪ್ಪಣಿಯೂ ಅದನ್ನೇ ಹೇಳುತ್ತಿತ್ತು. ಬೆಳಗಿನ ಹೊತ್ತು ರಾಯರು ಏನಾದರೂ ಬೇಕೆನಿಸಿದಾಗ "ವಿದ್ಯಾ, ವಿದ್ಯಾ" ಎಂದು ಕರೆಯುತ್ತಾರೆ. ನರ್ಸು ಬಂದು, ವಿದ್ಯಾ ಸ್ಕಾಟ್ಲೆಂಡಿನಲ್ಲಿದ್ದಾಳೆ, ಶನಿವಾರ ಬರುತ್ತಾಳೆ ಎಂದು ಮುದ್ದಿನಿಂದ ಸಮಾಧಾನ ಹೇಳುತ್ತಾಳೆ. ರಾಯರು ಗೋಡೆಯ ಕಡೆ ತಿರುಗಿಕೊಳ್ಳುತ್ತಾರೆ. 'ಮಗಳಿಗಾಗಿ ಹಂಬಲಿಸುತ್ತಾರೆ, ಖಿನ್ನರಾಗಿದ್ದಾರೆ' ಎಂದು ಬರೆದಿತ್ತು.

ನಾನು ವರದಿ ಬರೆದೆ. ಹತ್ತಿರದ ಸಂಬಂಧಗಳನ್ನು ಗುರುತಿಸುವುದರಲ್ಲಿ ಗೊಂದಲ, ಸುಧಾರಣೆ ಇಲ್ಲ. ಸಹಿ ಹಾಕಿ ಫೈಲಿಗೆ ಸೇರಿಸಿದೆ. ಕಾಕು ಕೇಳಿದಾಗ, ಇಂಥ ವಿವರ ಹೇಳಿ ನೋಯಿಸುವುದು ಬೇಡವೆಂದು, "ಹೆಸರುಗಳು ಇನ್ನೂ ಕಷ್ಟ ಆಗ್ತಿವೆ ಕಾಕೂ" ಎಂದಷ್ಟೇ ಹೇಳಿದೆ.

"ಹೆಸರು ಕಟ್ಕೊಂಡು ಏನ್ ಮಾಡೂದದ? ಮನಿಗೆ ಕಳಸ್ರಿ. ಜ್ವಾಳದ ರೊಟ್ಟಿ ತಿನ್ನಿಸಿ ನಾ ನಡಸ್ತೀನಿ ಅವರನ್ನ."

ಮನೆಗೆ ಕಳಿಸುವುದೋ ಬೇಡವೋ ಎಂಬುದೇ ಪ್ರಶ್ನೆಯಾಗಿತ್ತು. ಮುಂದಿನ ಗುರುವಾರ ಕನ್ಸಲ್ಟೆಂಟರ, ಅಂದರೆ ಹಿರಿಯ ಡಾಕ್ಟರ, ಅಧ್ಯಕ್ಷತೆಯಲ್ಲಿ ಸಭೆ. ರಾಯರು ಮನೆಗೋ, ಕೈಲಾಗದ ವಯಸ್ಸಾದವರನ್ನು ಕೊನೆಯವರೆಗೂ ಇಟ್ಟುಕೊಳ್ಳುವ ನರ್ಸಿಂಗ್ ಹೋಮಿಗೋ ಎಂದು ಅಲ್ಲಿ ತೀರ್ಮಾನ. ಸೋಶಿಯಲ್ ವರ್ಕರ್ ನನ್ನ ವರದಿ ಓದಿ ಕೇಳಿದ್ದು ಒಂದೇ ಮಾತು: "ಆಕೆ ಅಡುಗೆಮನೆಯಲ್ಲಿರುವಾಗ ಇವರು ಬಾತ್‌ರೂಮಿನಲ್ಲಿ ಬಿದ್ದರೆ, ಹೆಂಡತಿಯನ್ನು ಕರೆಯಬಲ್ಲರಾ? ಹೆಂಡತಿ ಯಾರೆಂದೇ ಗೊತ್ತಿಲ್ಲದ ಮನುಷ್ಯ?" ನರ್ಸಿಂಗ್ ಹೋಮಿನಲ್ಲಿ ಕನ್ನಡ ಮಾತಾಡುವವರು ಯಾರೂ ಇರುವುದಿಲ್ಲ. ಇರುವ ನಾಲ್ಕು ಪದಗಳೂ ಅಲ್ಲಿ ಒಣಗಿಹೋಗುತ್ತವೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದ್ದವಳು ನಾನೇ.

ಸಭೆಗೆ ಮೊದಲು ಒಂದು ಮನೆಭೇಟಿ ಇರುತ್ತದೆ. ಪೇಷಂಟನ್ನು ಒಂದೆರಡು ಗಂಟೆ ಮನೆಗೆ ಕರೆದೊಯ್ದು ಮೆಟ್ಟಿಲು, ಬಾತ್‌ರೂಮು, ಕುರ್ಚಿಯ ಎತ್ತರ ಎಲ್ಲ ಅಳೆಯುವುದು. ಅದು ಆಕ್ಯುಪೇಶನಲ್ ಥೆರಪಿಸ್ಟಳ ಕೆಲಸ. ಭಾಷೆಗೆಂದು ನಾನೂ ಹೊರಟೆ. ಗ್ರೀನ್‌ಫರ್ಡಿನ ಆ ಸಾಲುಮನೆಯೊಳಗೆ ಕಾಲಿಟ್ಟಿದ್ದೇ ರಾಯರ ಮುಖ ಬದಲಾಯಿತು. ಕಿಟಕಿ ಪಕ್ಕದ ಅವರ ಕುರ್ಚಿಯಲ್ಲಿ ಕುಳಿತರು. ಕಾಕು ಅಡುಗೆಮನೆಗೆ ಓಡಿದರು. ಜೊತೆಗೆ ಬಂದವಳು ಟೇಪು ಹಿಡಿದು ಕುರ್ಚಿಯ ಕಾಲು ಅಳೆಯುತ್ತಿದ್ದಳು. ಸಾಸಿವೆ ಸಿಡಿಯುವ ಸದ್ದು.

ರಾಯರು ತಲೆ ಎತ್ತಿ, "ವಿದ್ಯಾ!" ಎಂದು ಕೂಗಿದರು.

ಟೇಪು ಹಿಡಿದವಳು ನನ್ನ ಮುಖ ನೋಡಿ, ಪಾಪ ಎಂಬಂತೆ ತುಟಿ ಒತ್ತಿಕೊಂಡಳು. ವಿದ್ಯಾ ಇಲ್ಲಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು.

"ಬಂದೆ, ತಡೀರಿ! ಒಗ್ಗರಣಿ ಹತ್ತತದ!"

ಸೌಟು ಹಿಡಿದುಕೊಂಡೇ ಕಾಕು ಬಂದರು. ರಾಯರು ಎಡಗೈಯಿಂದ ಪರದೆ ತೋರಿಸಿದರು. ಅವರು ಪರದೆ ಸರಿಸಿ, ಬಿಸಿಲು ಬೀಳುವಂತೆ ಮಾಡಿ, ಏನೂ ಆಗಿಲ್ಲವೆಂಬಂತೆ ಒಳಗೆ ಹೊರಟರು.

"ಕಾಕೂ, ಒಂದ್ನಿಮಿಷ. ಈಗ ಅವರು ಯಾರನ್ನ ಕರೆದ್ರು?"

"ನನ್ನ. ಮತ್ತ್ಯಾರ್ನ?"

"ವಿದ್ಯಾ ಅಂದ್ರಲ್ಲ?"

ಕಾಕು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಇಷ್ಟು ಓದಿದವಳಿಗೆ ಇಷ್ಟೂ ತಿಳಿಯದೇ ಎಂಬ ನೋಟ. "ಮತ್ತ ಹೆಂಡ್ತೀನ್ನ ಹೆಸರು ಹಿಡದು ಕರೀತಾರೇನ ಹುಡುಗೀ? ವಿದ್ಯಾ ಹುಟ್ಟಿದಾಗಿಂದ ನನಗ ಹಂಗ ಕರ್ಯೂದು. ನಮ್ಮತ್ತಿಯವರಿದ್ದ ಮನಿ. ಮಗಳ ಹೆಸರು ಕರದರ ನಾ ಓಡಿ ಬರ್ತಿದ್ದೆ."

"ವಿದ್ಯಾ ಹುಟ್ಟೋಕೆ ಮೊದಲು?"

"ಕೆಮ್ಮತಿದ್ರು."

"ಹಾಗಾದ್ರೆ ವಿದ್ಯಾನ್ನ ಏನಂತ ಕರೀತಾರೆ?"

"ಅವ್ವಾ ಅಂತಾರ. ಮಗಳಿಗೆ ಅವ್ವಾ ಅನ್ನದ ಏನಂತಾರ? ಮೊಮ್ಮಗಗ ಅಪ್ಪಾ ಅಂತಾರ, ಅವರಪ್ಪನ ಹೆಸರ ಇಟ್ಟೇವಿ ಅವಗ."

ನಾನು ಅಲ್ಲೇ ಸೋಫಾದ ಮೇಲೆ ಕುಳಿತುಬಿಟ್ಟೆ. ಮೊದಲು ನಾಚಿಕೆ ಬಂತು, ಆಮೇಲೆ ತಡೆಯಲಾರದಷ್ಟು ನಗು. ಮನೆಯವರ ಫೋಟೋಗಳಿಗೆ ಆ ಮನುಷ್ಯ ಐದು ಪರೀಕ್ಷೆಯಲ್ಲೂ ನೂರಕ್ಕೆ ನೂರು ಸರಿ ಉತ್ತರ ಕೊಟ್ಟಿದ್ದರು. ಸೊನ್ನೆ ಹಾಕಿದವಳು ಮೈಸೂರಿನಲ್ಲಿ ಹುಟ್ಟಿ ಬೆಳೆದವಳು! ನನ್ನಪ್ಪ ಪ್ರತಿ ಭಾನುವಾರ ಫೋನಿನಲ್ಲಿ "ಏನಮ್ಮಾ, ಊಟ ಆಯ್ತಾ?" ಎನ್ನುತ್ತಿದ್ದರು. ಅವರಿಗೆ ತಾಯಿ ಯಾರು, ಮಗಳು ಯಾರು ಎಂಬ ಗೊಂದಲವಿದೆ ಎಂದು ನಾನು ಯಾವತ್ತೂ ಬರೆದಿರಲಿಲ್ಲ. ಎಂಟು ವರ್ಷ ಇಂಗ್ಲಿಷ್ ಫಾರಂ ತುಂಬಿ ತುಂಬಿ, ಸಂಬಂಧಕ್ಕೆ ಒಂದೇ ಹೆಸರು, ಹೆಸರಿಗೆ ಒಂದೇ ಚೌಕ ಎಂದು ನಂಬಿಬಿಟ್ಟಿದ್ದೆ. ಭೇಟಿಯ ಹೊತ್ತಿನಲ್ಲಿ ಕಾಕು ಹಾಸಿಗೆಯ ಪಕ್ಕದಲ್ಲೇ ಇರುತ್ತಿದ್ದರು, ಕರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅವರಿಲ್ಲದ ಬೆಳಗಿನಲ್ಲಿ ರಾಯರು ಕರೆಯುತ್ತಿದ್ದರು, ನರ್ಸುಗಳು ಸ್ಕಾಟ್ಲೆಂಡಿನ ಕಥೆ ಹೇಳುತ್ತಿದ್ದರು. ಅವರ ಜಾಗದಲ್ಲಿ ಯಾರಿದ್ದರೂ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು.

ಆಸ್ಪತ್ರೆಗೆ ಮರಳಿ ವಿಭಾಗದ ಮುಖ್ಯಸ್ಥೆಯ ಬಾಗಿಲು ಬಡಿದೆ. ಅವರು ಒಳ್ಳೆಯವರು, ಆದರೆ ನನಗಿಂತ ದೊಡ್ಡ ಫಾರಂ ಭಕ್ತೆ. ಎಲ್ಲ ಕೇಳಿ, ಚಹಾ ಕುಡಿದು, ನಿಧಾನವಾಗಿ ಹೇಳಿದರು: ಅಂಕ ಹಾಕಿದ ಮೇಲೆ, ಮನೆಯವರ ಮಾತು ಕೇಳಿ ಅಂಕ ಬದಲಿಸುವಂತಿಲ್ಲ. ಗಂಡನನ್ನು ಮನೆಗೆ ಕರೆದೊಯ್ಯಬೇಕೆನ್ನುವ ಹೆಂಡತಿ ಏನನ್ನಾದರೂ ಹೇಳಬಹುದು. ಜೊತೆಗೆ ನೀನೂ ಅದೇ ಊರಿನ ಕಡೆಯವಳು, ನಿನ್ನ ಮನಸ್ಸು ಅತ್ತ ವಾಲಿದೆ ಎಂದು ಸಭೆಯಲ್ಲಿ ಅನ್ನುವುದಿಲ್ಲವೇ?

ಮೈಸೂರಿಗೂ ಧಾರವಾಡಕ್ಕೂ ಎಷ್ಟು ದೂರ ಎಂದು ಆಕೆಗೆ ವಿವರಿಸುವ ಗೋಜಿಗೆ ಹೋಗಲಿಲ್ಲ. ಆದರೆ ಆಕೆಯ ಮಾತಿನಲ್ಲಿ ಹುರುಳಿತ್ತು. ಮೊದಲನೆಯ ತಪ್ಪಿಗೆ ನನ್ನ ಸಹಿ ಸಾಕ್ಷಿಯಾಗಿತ್ತು. ಈಗ ಬರೀ ನನ್ನ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕುಳಿತು ಎರಡು ತೀರ್ಮಾನ ಮಾಡಿದೆ. ಒಂದು, ನನ್ನ ವರದಿಯನ್ನು ನಾನೇ ಹಿಂದೆಗೆದುಕೊಳ್ಳುವುದು. 'ಪರೀಕ್ಷಕಳ ತಪ್ಪು' ಎಂದು ಸ್ಪಷ್ಟವಾಗಿ ಬರೆದು ಕೊಡುವುದು. ಎರಡು, ಸಭೆಯಲ್ಲಿ ವಾದ ಮಾಡದೆ, ಎಲ್ಲರ ಕಣ್ಣೆದುರೇ ರಾಯರು ಕರೆಯುವಂತೆ ಮಾಡುವುದು. ಮೊದಲನೆಯದನ್ನು ಅಲ್ಲೇ ಬರೆದು ಮುಗಿಸಿದೆ. ಮುಖ್ಯಸ್ಥೆ ಓದಿ, ಹುಬ್ಬು ಏರಿಸಿ, "ನಿನ್ನಿಷ್ಟ" ಎಂದರು. ಅವತ್ತು ರೈಲಿನಲ್ಲಿ ಮನೆಗೆ ಹೋಗುವಾಗ ಯಾಕೋ ವಿಪರೀತ ಹಗುರ ಅನ್ನಿಸಿತು.

ಕರೆಯಿರಿ ಎಂದು ರಾಯರಿಗೆ ಹೇಳುವಂತಿರಲಿಲ್ಲ. ನಾನು ಕನ್ನಡದಲ್ಲಿ ಏನೇ ಅಂದರೂ ಹೇಳಿಕೊಟ್ಟಳೆಂದು ಸಂಶಯ ಬರುತ್ತದೆ. ಅವರಿಗೇ ಬೇಕೆನಿಸಬೇಕು. ಬುಧವಾರ ಕಾಕು ಅವರನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಉಪಾಯ ಹೇಳಿದೆ. ನಾಳೆ ರಾಯರ ಕನ್ನಡಕ ಅವರ ಜೇಬಿನಲ್ಲಿ ಇರಕೂಡದು, ನಿಮ್ಮ ಕೈಚೀಲದಲ್ಲಿರಲಿ. ನೀವು ಸಭೆಯ ಕೋಣೆಯೊಳಗೆ ಬರಬೇಡಿ. ಹೊರಗಿನ ಕಿಚನ್‌ನಲ್ಲಿರಿ.

"ಪರೀಕ್ಷಾದಾಗ ಕಾಪಿ ಹೊಡಸ್ತೀಯೇನ ಹುಡುಗೀ?" ಎಂದು ಕಾಕು ಕಣ್ಣರಳಿಸಿದರು.

"ಇಲ್ಲ ಕಾಕೂ, ಈ ಸಲ ಕಾಪಿ ಆಗಬಾರದು ಅಂತಲೇ ನಿಮ್ಮನ್ನ ಹೊರಗಿಡ್ತಿರೋದು."

"ಕರೀಲಿಲ್ಲ ಅಂದ್ರ?"

ಅದನ್ನೇ ನಾನೂ ಯೋಚಿಸುತ್ತಿದ್ದೆ. ಅವರ ಕಣ್ಣಲ್ಲಿ ಮೊದಲ ಸಲ ಹೆದರಿಕೆ ಕಂಡಿತು. "ಆ ಇನ್ನೊಂದು ಮನ್ಯಾಗ ಅವರನ್ನ ಬಿಟ್ಟು ನಾ ಒಬ್ಬಾಕಿ ಹೆಂಗ ಬರ್ಲಿ?" ಎಂದರು. ನಾನು ಅವರ ಕೈ ಹಿಡಿದುಕೊಂಡೆ.

ಗುರುವಾರದ ಸಭೆಗೆ ವಿದ್ಯಾ ರಜೆ ಹಾಕಿ ಸ್ಕಾಟ್ಲೆಂಡಿನಿಂದ ಬಂದಿದ್ದಳು. ಅಪ್ಪನ ಪಕ್ಕದ ಕುರ್ಚಿಯಲ್ಲೇ ಕುಳಿತಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ. ಎದುರಿಗೆ, ಕಾಕು ಮೊದಲೇ ರಾಯರ ಕೋಟು ಹಾಕಿಟ್ಟಿದ್ದ ಕುರ್ಚಿಯಲ್ಲಿ ಕನ್ಸಲ್ಟೆಂಟರು; ಪಕ್ಕಕ್ಕೆ ಸೋಶಿಯಲ್ ವರ್ಕರ್, ಸಿಸ್ಟರ್, ಮನೆ ಅಳೆದವಳು, ನನ್ನ ಮುಖ್ಯಸ್ಥೆ. ನಾನು ನನ್ನ ತಪ್ಪೊಪ್ಪಿಗೆ ಓದಿದೆ. ಕನ್ಸಲ್ಟೆಂಟರು, ಎತ್ತರದ, ಮಿತಭಾಷಿ ಮನುಷ್ಯ, ಪೆನ್ನಿನ ತುದಿಯಿಂದ ಗಲ್ಲ ಕೆರೆದುಕೊಂಡು ಕೇಳಿದರು:

"ಅಂದರೆ ಹೆಂಡತಿಯ ಫೋಟೋ ನೋಡಿ ಮಗಳ ಹೆಸರು ಹೇಳುವುದೇ ಸರಿ ಉತ್ತರ ಎನ್ನುತ್ತೀರಾ?"

"ಆ ಮನೆಯಲ್ಲಿ, ಹೌದು."

ಸೋಶಿಯಲ್ ವರ್ಕರ್ ಕೆಮ್ಮಿದರು. ಯಾರೂ ನಂಬಿದ ಹಾಗೆ ಕಾಣಲಿಲ್ಲ. ಸಭೆಯ ಪದ್ಧತಿಯಂತೆ ಸಿಸ್ಟರ್ ರಾಯರ ಮುಂದೆ, ವಿದ್ಯಾಳ ಮುಂದೆ ಒಂದೊಂದು ಕಾಗದ ಇಟ್ಟರು. ರಾಯರು ಓದಲಾರರೆಂದು ಎಲ್ಲರಿಗೂ ಗೊತ್ತು. ಆದರೆ ಮೂವತ್ತು ವರ್ಷ ಸೂಪರ್‌ವೈಸರ್ ಆಗಿದ್ದವರು, ಕಾಗದ ಮುಂದೆ ಬಂದರೆ ನೋಡದೆ ಬಿಡುವವರಲ್ಲ. ಎಡಗೈ ಅಂಗಿಯ ಜೇಬಿಗೆ ಹೋಯಿತು. ಖಾಲಿ. ಇನ್ನೊಂದು ಜೇಬು. ಖಾಲಿ. ಮೇಜಿನ ಮೇಲೆ ಕಣ್ಣಾಡಿಸಿದರು. ಪಕ್ಕದಲ್ಲಿ ಕುಳಿತ ಮಗಳನ್ನು ನೋಡಿದರು, ಬಾಗಿಲ ಕಡೆ ತಿರುಗಿದರು.

ಆಮೇಲೆ ಕೆಮ್ಮಿದರು.

ಆ ಕೆಮ್ಮು ಏನೆಂದು ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಸಿಸ್ಟರ್ ನೀರಿನ ಲೋಟ ಮುಂದೆ ಸರಿಸಿದರು. ರಾಯರು ಬೇಡವೆಂದು ತಲೆಯಾಡಿಸಿದರು. ಮತ್ತೆ ಜೇಬು ತಡವಿದರು. ನಾನು ಮನಸ್ಸಿನಲ್ಲೇ ಹತ್ತು ಎಣಿಸಿದೆ, ಮತ್ತೆ ಹತ್ತು ಎಣಿಸಿದೆ. ಕನ್ಸಲ್ಟೆಂಟರು ಗಡಿಯಾರ ನೋಡಿಕೊಂಡರು.

"ವಿದ್ಯಾ!"

ಗೋದಾಮಿನ ಆ ತುದಿಗೆ ಮುಟ್ಟುವಂಥ ದನಿ. ಸೋಶಿಯಲ್ ವರ್ಕರ್ ಬೆಚ್ಚಿಬಿದ್ದರು. ಎಲ್ಲರೂ ವಿದ್ಯಾಳ ಕಡೆ ತಿರುಗಿದರು. ಒಂದು ಮೊಳ ದೂರದಲ್ಲಿ ಕುಳಿತಿದ್ದ ವಿದ್ಯಾ ತಲೆ ಎತ್ತಲಿಲ್ಲ. ತನ್ನ ಕಾಗದ ಓದುತ್ತ ಪುಟ ತಿರುಗಿಸಿದಳು.

"ಕ್ಷಮಿಸಿ," ಎಂದರು ಕನ್ಸಲ್ಟೆಂಟರು, "ಅದು ನಿಮ್ಮ ಹೆಸರಲ್ಲವೇ?"

ಅವಳು ತಬ್ಬಿಬ್ಬಾಗಿ ಸುತ್ತ ನೋಡಿದಳು. ಎಲ್ಲರೂ ತನ್ನನ್ನೇ ಯಾಕೆ ನೋಡುತ್ತಿದ್ದಾರೆಂದು ಅವಳಿಗೆ ತಿಳಿಯಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದಳು: "ಹೌದು. ಆದರೆ ಅಪ್ಪ ಕರೆದದ್ದು ಅಮ್ಮನನ್ನಲ್ಲವಾ?"

ಅವಳ ಮಾತು ಮುಗಿಯುವ ಮೊದಲೇ ಕಾರಿಡಾರಿನಿಂದ "ಬಂದೆ, ಬಂದೆ!" ಎಂದು ಕೇಳಿಸಿತು. ಬಾಗಿಲು ತೆರೆಯಿತು. ಕಿಚನ್‌ನಲ್ಲಿ ಸುಮ್ಮನೆ ಕೂರಲಾರದೆ ವಾರ್ಡಿನ ಕಪ್ಪುಗಳನ್ನೆಲ್ಲ ತೊಳೆಯುತ್ತಿದ್ದ ಕಾಕು, ಒದ್ದೆ ಕೈಯನ್ನು ಕಾರ್ಡಿಗನ್ನಿಗೆ ಒರೆಸಿಕೊಳ್ಳುತ್ತ ಬಂದರು. ಕೈಚೀಲ ಬಿಚ್ಚಿ ಕನ್ನಡಕ ತೆಗೆದು ರಾಯರ ಮೂಗಿನ ಮೇಲೆ ಕೂರಿಸಿದರು. ರಾಯರು ಅವರ ಕಣ್ಣು ತುಂಬಿದ್ದನ್ನು ಕನ್ನಡಕದೊಳಗಿಂದ ನೋಡಿದರು. ಕಾಗದ ನೋಡಲೇ ಇಲ್ಲ. ತುಟಿ ಎರಡು ಸಲ ಅಲುಗಿತು.

"ಮನಿ," ಎಂದರು. ಆಮೇಲೆ ಇನ್ನೂ ಗಟ್ಟಿಯಾಗಿ, "ಮನಿಗೆ."

"ನಡೀರಿ ಮತ್ತ," ಎಂದರು ಕಾಕು.

ಸಭೆ ಇನ್ನೂ ಮುಗಿದಿರಲಿಲ್ಲ. ತೀರ್ಮಾನವನ್ನು ಯಾರೂ ಓದಿರಲಿಲ್ಲ. ಮನೆಗೆ ಕಳಿಸುವುದೆಂದರೆ ಮಾತ್ರೆಗಳ ಚೀಟಿ, ಆಂಬುಲೆನ್ಸು, ಬಾತ್‌ರೂಮಿನ ಹಿಡಿಕೆ, ಎಷ್ಟೆಷ್ಟೋ ಫಾರಂಗಳು ಬಾಕಿ ಇದ್ದವು. ಕಾಕು ಅದೇನನ್ನೂ ಲೆಕ್ಕಿಸದೆ ರಾಯರ ಅಂಗಿಯ ಮೇಲಿನ ಗುಂಡಿ ಹಾಕಿದರು, ಸುತ್ತ ನೋಡಿದರು, ನೇರವಾಗಿ ಕನ್ಸಲ್ಟೆಂಟರ ಮುಂದೆ ಹೋಗಿ ನಿಂತರು.

"ಸ್ವಲ್ಪ ಏಳ್ರೀ ಡಾಕ್ಟ್ರೇ, ಇವರ ಕೋಟು ನಿಮ್ಮ ಬೆನ್ನ ಹಿಂದ ಸಿಕ್ಕೊಂಡದ."

ಅವರಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ನಾನು ಅನುವಾದ ಮಾಡಲು ಬಾಯಿ ತೆರೆಯುವಷ್ಟರಲ್ಲಿ ಆ ಎತ್ತರದ ಮನುಷ್ಯ ಎದ್ದು ನಿಂತು, ಕುರ್ಚಿಯ ಬೆನ್ನಿಗಿದ್ದ ಕೋಟನ್ನು ಎತ್ತಿ, ರಾಯರು ಎಡಗೈ ತೂರಿಸುವಂತೆ ತೋಳು ಬಿಡಿಸಿ ಹಿಡಿದರು.